ಸ್ಟೆಪ್ನಿಗೂ ಒಂದು ವೋಟು

(ಮೈಸೂರಿನಲ್ಲಿ ಹಿರಿಯ ನಾಗರಿಕರ ಸಂಜೆ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಸಭೆಯಲ್ಲಿ ನಡುನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಎಷ್ಟೋ ಜನರ ಮಕ್ಕಳು, ಮೊಮ್ಮಕ್ಕಳು ಅಮೆರಿಕದಲ್ಲಿದ್ದಾರೆ. ಟ್ರಂಪ್ ಬಗ್ಗೆ, ವೀಸಾ ಬಗ್ಗೆ ನನಗಿಂತ ನಿಮಗೇ ಜಾಸ್ತಿ ಗೊತ್ತು. ಆ ತಂಟೆಗೆ ನಾನು ಹೋಗುವುದಿಲ್ಲ. ಅಲ್ಲಿನ ಜನರೇ ಅಷ್ಟಾಗಿ ತಲೆ ಕೆಡಿಸಿಕೊಳ್ಳದ ಒಂದು ಚುನಾವಣೆ ಇದೆ. ಅದರ ಬಗ್ಗೆ ಮಾತಾಡುತ್ತೇನೆ. ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಚುನಾವಣೆ.

ನಮಗೆ ಲೆಫ್ಟಿನೆಂಟ್ ಗವರ್ನರ್ ಅಂದ ಕೂಡಲೇ ನೆನಪಾಗುವುದು ದೆಹಲಿ. ರಾಷ್ಟ್ರಪತಿ ನೇಮಿಸಿದವರು ಒಬ್ಬರು, ಜನ ಆರಿಸಿದ ಮುಖ್ಯಮಂತ್ರಿ ಇನ್ನೊಬ್ಬರು, ಇಬ್ಬರಿಗೂ ಫೈಲಿನ ಮೇಲೆ ಜಗಳ. ಪುದುಚೇರಿಯಲ್ಲೂ ಅದನ್ನೇ ನೋಡಿದ್ದೇವೆ. ಅದನ್ನೆಲ್ಲ ಒಂದು ಗಂಟೆ ಪಕ್ಕಕ್ಕಿಡಿ. ಅಮೆರಿಕದ ರಾಜ್ಯಗಳಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿಯ ಜಾಗದಲ್ಲಿ ಇರುವವರು. ಜನರೇ ನೇರವಾಗಿ ಆರಿಸುತ್ತಾರೆ. ಅವರ ನಂತರದ ಸ್ಥಾನ ಲೆಫ್ಟಿನೆಂಟ್ ಗವರ್ನರ್ ಅವರದು. ಈ ಸ್ಥಾನಕ್ಕೂ ಜನರೇ ವೋಟು ಹಾಕುತ್ತಾರೆ.

ಹಾಗಾದರೆ ನಮ್ಮ ಉಪಮುಖ್ಯಮಂತ್ರಿ ಥರ ಅಂತೀರಾ? ಪೂರ್ತಿ ಹಾಗಲ್ಲ. ನಮ್ಮ ಸಂವಿಧಾನದಲ್ಲಿ ಉಪಮುಖ್ಯಮಂತ್ರಿ ಎನ್ನುವ ಹುದ್ದೆಯೇ ಇಲ್ಲ. ಜಾತಿ, ಜಿಲ್ಲೆ, ಬಣ ಎಲ್ಲ ಲೆಕ್ಕ ಹಾಕಿ ಪಕ್ಷಗಳು ಮಾಡಿಕೊಂಡ ಏರ್ಪಾಡು ಅದು. 1996ರಲ್ಲಿ ದೇವೇಗೌಡರು ಪ್ರಧಾನಿಯಾಗಿ ದೆಹಲಿಗೆ ಹೋದಾಗ ಉಪಮುಖ್ಯಮಂತ್ರಿ ಜೆ.ಎಚ್. ಪಟೇಲರು ಮುಖ್ಯಮಂತ್ರಿ ಆದರು, ನಿಜ. ಆದರೆ ಉಪಮುಖ್ಯಮಂತ್ರಿ ಆಗಿದ್ದರು ಅನ್ನುವ ಕಾರಣಕ್ಕೆ ತಾನಾಗಿ ಕುರ್ಚಿ ಸಿಗಲಿಲ್ಲ. ಪಕ್ಷದ ಶಾಸಕರು ಅವರನ್ನು ಒಪ್ಪಬೇಕಾಯಿತು. ಅಮೆರಿಕದಲ್ಲಿ ಯಾರೂ ಒಪ್ಪಬೇಕಾಗಿಲ್ಲ. ಗವರ್ನರ್ ಸತ್ತರೆ, ರಾಜೀನಾಮೆ ಕೊಟ್ಟರೆ, ಬೇರೆ ದೊಡ್ಡ ಹುದ್ದೆಗೆ ಹೋದರೆ ಲೆಫ್ಟಿನೆಂಟ್ ಗವರ್ನರೇ ಗವರ್ನರ್. ಉಳಿದ ಅವಧಿ ಪೂರ್ತಿ ಅವರದೇ. ನ್ಯೂಯಾರ್ಕಿನಲ್ಲಿ 2021ರ ಆಗಸ್ಟಿನಲ್ಲಿ ಆಂಡ್ರ್ಯೂ ಕ್ಯೂಮೊ ರಾಜೀನಾಮೆ ಕೊಟ್ಟಾಗ ಕ್ಯಾಥಿ ಹೋಕಲ್ ಗವರ್ನರ್ ಆಗಿದ್ದು ಹೀಗೇ.

ಒಟ್ಟಿನಲ್ಲಿ ಕಾರಿನ ಡಿಕ್ಕಿಯಲ್ಲಿರುವ ಸ್ಟೆಪ್ನಿ ಅನ್ನಿ. ಪಂಕ್ಚರ್ ಆಗುವವರೆಗೆ ಅದರ ನೆನಪು ಯಾರಿಗೂ ಇರುವುದಿಲ್ಲ.

50 ರಾಜ್ಯಗಳಲ್ಲಿ 45ರಲ್ಲಿ ಈ ಹುದ್ದೆ ಇದೆ. ಟೆನೆಸ್ಸೀ ಮತ್ತು ವೆಸ್ಟ್ ವರ್ಜೀನಿಯಾದಲ್ಲಿ ಸೆನೆಟ್, ಅಂದರೆ ಶಾಸನಸಭೆಯ ಮೇಲ್ಮನೆಯ ಅಧ್ಯಕ್ಷರಿಗೇ ಈ ಹೆಸರನ್ನೂ ಕೊಟ್ಟಿದ್ದಾರೆ. ಉಳಿದ ಕಡೆ ವೋಟಿನಿಂದಲೇ ಆಯ್ಕೆ. ಆದರೆ ಆ ವೋಟು ಎರಡು ಥರ. ಕೆಲವು ರಾಜ್ಯಗಳಲ್ಲಿ ಗವರ್ನರ್ ಮತ್ತು ಲೆಫ್ಟಿನೆಂಟ್ ಗವರ್ನರ್ ಜೋಡಿಯಾಗಿ ನಿಲ್ಲುತ್ತಾರೆ. ಒಂದೇ ವೋಟು, ಇಬ್ಬರೂ ಗೆಲ್ಲುತ್ತಾರೆ ಅಥವಾ ಇಬ್ಬರೂ ಸೋಲುತ್ತಾರೆ. ಇನ್ನು ಕೆಲವು ರಾಜ್ಯಗಳಲ್ಲಿ ಎರಡೂ ಬೇರೆ ಬೇರೆ ಚುನಾವಣೆ. ಗವರ್ನರ್ ಒಂದು ಪಕ್ಷ, ಲೆಫ್ಟಿನೆಂಟ್ ಗವರ್ನರ್ ಇನ್ನೊಂದು ಪಕ್ಷ ಆಗಬಹುದು. ಅಂದರೆ ಪ್ರಶ್ನೆ ಇಷ್ಟು. ಸ್ಟೆಪ್ನಿಯನ್ನು ಆರಿಸಬೇಕಾದವರು ಯಾರು? ಗಾಡಿ ಓಡಿಸುವವರೋ, ಗಾಡಿಯಲ್ಲಿ ಕೂತವರೋ?

ಆ ಹುದ್ದೆಗೆ ಸ್ವಂತ ಕೆಲಸ ಇದ್ದರೆ ಜನ ಬೇರೆಯಾಗಿ ಆರಿಸಲಿ. ಸುಮ್ನೆ ಕಾಯುವ ಕೆಲಸ ಮಾತ್ರ ಇದ್ದರೆ ಜೋಡಿಯಾಗಿ ಬರಲಿ. ಇದು ನನ್ನ ಅಭಿಪ್ರಾಯ. ಇದನ್ನು ಪರೀಕ್ಷಿಸೋಕೆ ಟೆಕ್ಸಾಸಿಗಿಂತ ಒಳ್ಳೆಯ ಜಾಗ ಇಲ್ಲ.

ಟೆಕ್ಸಾಸಿನಲ್ಲಿ ಲೆಫ್ಟಿನೆಂಟ್ ಗವರ್ನರ್ ಕಾಯುತ್ತಾ ಕೂರುವ ಮನುಷ್ಯ ಅಲ್ಲ. ಎಷ್ಟೋ ಜನ ಗವರ್ನರಿಗಿಂತ ಇವರೇ ಗಟ್ಟಿ ಅನ್ನುತ್ತಾರೆ. ಅಲ್ಲಿನ ಸೆನೆಟ್‌ನಲ್ಲಿ 31 ಸದಸ್ಯರು. ನಮ್ಮ ವಿಧಾನ ಪರಿಷತ್ತಿನ ಹಾಗೆ ಮೇಲ್ಮನೆ, ಆದರೆ ಎಲ್ಲರೂ ಜನರಿಂದ ನೇರ ಆರಿಸಿ ಬಂದವರು. ಆ ಸೆನೆಟ್‌ಗೆ ಲೆಫ್ಟಿನೆಂಟ್ ಗವರ್ನರೇ ಸಭಾಪತಿ. ಯಾವ ಮಸೂದೆ ಯಾವ ಸಮಿತಿಗೆ ಹೋಗಬೇಕು, ಸಮಿತಿಗಳಿಗೆ ಯಾರು ಅಧ್ಯಕ್ಷರಾಗಬೇಕು, ಸದಸ್ಯರು ಯಾರು, ಯಾರಿಗೆ ಮಾತಾಡೋಕೆ ಅವಕಾಶ, ಎಲ್ಲ ಇವರ ಕೈಯಲ್ಲಿ. ಬಜೆಟ್ ತಯಾರಿಸುವ ಮಂಡಳಿಗೂ ಕೆಳಮನೆಯ ಸ್ಪೀಕರ್ ಜೊತೆ ಇವರೇ ಜಂಟಿ ಅಧ್ಯಕ್ಷರು. ಅಲ್ಲಿ ಶಾಸನಸಭೆಯ ಮಾಮೂಲಿ ಅಧಿವೇಶನ ನಡೆಯುವುದೇ ಎರಡು ವರ್ಷಕ್ಕೊಮ್ಮೆ, ಅದೂ 140 ದಿನ. ಅಷ್ಟರಲ್ಲಿ ಮಸೂದೆ ಮುಂದೆ ಬರಲಿಲ್ಲ ಅಂದರೆ ಎರಡು ವರ್ಷ ಕಾಯಬೇಕು. ಹಾಗಾಗಿ 'ಇವತ್ತು ಬೇಡ' ಎನ್ನುವ ಒಂದು ಮಾತಿಗೆ ಎಷ್ಟು ಬೆಲೆ ಅಂತ ನೀವೇ ಲೆಕ್ಕ ಹಾಕಿ.

ತಮಾಷೆ ಏನು ಅಂದರೆ, ಈ ಅಧಿಕಾರದ ದೊಡ್ಡ ಪಾಲು ಟೆಕ್ಸಾಸಿನ ಸಂವಿಧಾನದಲ್ಲಿ ಇಲ್ಲ. ಸಂವಿಧಾನ ಹೇಳುವುದು ಸ್ವಲ್ಪವೇ. ಸಭಾಪತಿ ಆಗಿರಬೇಕು, ಸಮಬಲ ಬಂದರೆ ವೋಟು ಹಾಕಬೇಕು, ಗವರ್ನರ್ ಇಲ್ಲದಾಗ ಆ ಜಾಗಕ್ಕೆ ಬರಬೇಕು. ಉಳಿದ ಅಧಿಕಾರ ಬಂದಿರುವುದು ಸೆನೆಟ್ ತಾನೇ ಮಾಡಿಕೊಂಡ ನಿಯಮಗಳಿಂದ. ಅಧಿವೇಶನ ಶುರುವಾದಾಗ ಸದಸ್ಯರೇ ಆ ನಿಯಮಗಳನ್ನು ಒಪ್ಪಿಕೊಳ್ಳುತ್ತಾರೆ. ಬೇಡ ಅಂತ ಕಿತ್ತುಕೊಳ್ಳಲೂಬಹುದು. ಕಿತ್ತುಕೊಳ್ಳುವುದಿಲ್ಲ. ಸಮಿತಿಯ ಅಧ್ಯಕ್ಷಗಿರಿ ಬೇಕಾದವರು ಅದನ್ನು ಕೊಡುವವರ ಮೇಲೆ ಯಾಕೆ ಕೈ ಎತ್ತುತ್ತಾರೆ?

ಈಗ 1998ಕ್ಕೆ ಬನ್ನಿ. ಬಾಬ್ ಬುಲಕ್ ಅಂತ ಒಬ್ಬರು ಲೆಫ್ಟಿನೆಂಟ್ ಗವರ್ನರ್ ಆಗಿದ್ದರು. ಡೆಮಾಕ್ರಟ್ ಪಕ್ಷ. 1995ರಲ್ಲಿ ಗವರ್ನರ್ ಆಗಿ ಬಂದವರು ರಿಪಬ್ಲಿಕನ್ ಪಕ್ಷದ ಜಾರ್ಜ್ ಡಬ್ಲ್ಯು. ಬುಷ್. ಪಕ್ಷ ಬೇರೆ, ಆದರೂ ಇಬ್ಬರಿಗೂ ಚೆನ್ನಾಗಿ ಹೊಂದಿಕೊಂಡಿತು. ಬುಲಕ್ ಹಳೆಯ ಹುಲಿ, ಬುಷ್ ಹೊಸಬ. ಬುಷ್‌ಗೆ ಸೆನೆಟ್‌ನಲ್ಲಿ ಏನು ಆಗಬೇಕಾದರೂ ಬುಲಕ್ ಒಪ್ಪಿಗೆ ಬೇಕಿತ್ತು. 1998ರಲ್ಲಿ ಬುಷ್ ಮತ್ತೆ ಗವರ್ನರ್ ಸ್ಥಾನಕ್ಕೆ ನಿಂತಾಗ ಬುಲಕ್ ತಮ್ಮದೇ ಪಕ್ಷದ ಅಭ್ಯರ್ಥಿ ಗ್ಯಾರಿ ಮೌರೊ ಅವರನ್ನು ಬಿಟ್ಟು ಬುಷ್‌ಗೆ ಬೆಂಬಲ ಕೊಟ್ಟರು. ತಾವು ಮಾತ್ರ ಮತ್ತೆ ನಿಲ್ಲಲಿಲ್ಲ. ಆರೋಗ್ಯ ಕೆಟ್ಟಿತ್ತು. ಮರುವರ್ಷವೇ ತೀರಿಕೊಂಡರು.

ಖಾಲಿಯಾದ ಜಾಗಕ್ಕೆ ನಿಂತವರು ಡೆಮಾಕ್ರಟ್ ಪಕ್ಷದ ಜಾನ್ ಶಾರ್ಪ್ ಮತ್ತು ರಿಪಬ್ಲಿಕನ್ ಪಕ್ಷದ ರಿಕ್ ಪೆರ್ರಿ. ಇಬ್ಬರೂ ಟೆಕ್ಸಾಸ್ ಎ ಅಂಡ್ ಎಂ ಕಾಲೇಜಿನಲ್ಲಿ ಜೊತೆಗೆ ಓದಿದವರು, ಗೆಳೆಯರು. ಶಾರ್ಪ್ ರಾಜ್ಯದ ಹಣಕಾಸು ಲೆಕ್ಕ ನೋಡುವ ಕಂಪ್ಟ್ರೋಲರ್, ಪೆರ್ರಿ ಕೃಷಿ ಕಮಿಷನರ್. ಆ ಎರಡು ಹುದ್ದೆಗಳಿಗೂ ಅಲ್ಲಿ ಚುನಾವಣೆಯೇ. ಪೆರ್ರಿ ಮೊದಲು ಡೆಮಾಕ್ರಟ್ ಆಗಿದ್ದು 1989ರಲ್ಲಿ ಪಕ್ಷ ಬದಲಿಸಿದವರು. ಪಕ್ಷಾಂತರ ನಮ್ಮ ದೇಶದ ಸ್ವತ್ತು ಅಂದುಕೊಳ್ಳಬೇಡಿ.

ಅದು ಮಾಮೂಲಿ ಸ್ಪರ್ಧೆ ಆಗಿರಲಿಲ್ಲ. ಬುಷ್ ಕಣ್ಣು 2000ದ ಅಧ್ಯಕ್ಷ ಚುನಾವಣೆಯ ಮೇಲಿದೆ ಅಂತ ಇಡೀ ಟೆಕ್ಸಾಸಿಗೆ ಗೊತ್ತಿತ್ತು. ಬುಷ್ ವಾಷಿಂಗ್ಟನ್ನಿಗೆ ಹೋದರೆ ಟೆಕ್ಸಾಸಿನ ಗವರ್ನರ್ ಯಾರು? ಈಗ ಗೆಲ್ಲುವ ಲೆಫ್ಟಿನೆಂಟ್ ಗವರ್ನರ್. ಶಾರ್ಪ್ ಗೆದ್ದರೆ ಬುಷ್ ಹೋಗುವಾಗ ಮನೆಯ ಬೀಗದ ಕೈ ವಿರೋಧಿಗಳಿಗೆ ಕೊಟ್ಟು ಹೋಗಬೇಕು. ಹಾಗಾಗಿ ಅದು ಎರಡನೇ ಹುದ್ದೆಯ ಹೆಸರಿನಲ್ಲಿ ನಡೆದ ಮೊದಲನೇ ಹುದ್ದೆಯ ಚುನಾವಣೆ.

ಫಲಿತಾಂಶ ನೋಡಿ. ಬುಷ್‌ಗೆ ಸುಮಾರು 68 ಪರ್ಸೆಂಟ್ ವೋಟು. ಅದೇ ದಿನ, ಅದೇ ಮತಗಟ್ಟೆ, ಅದೇ ಪಕ್ಷ, ಪೆರ್ರಿಗೆ 50 ಪರ್ಸೆಂಟಿಗಿಂತ ಕೂದಲೆಳೆ ಮೇಲೆ. ಶಾರ್ಪ್‌ಗೆ 48ರ ಆಸುಪಾಸು. ಸುಮಾರು 37 ಲಕ್ಷ ವೋಟಿನಲ್ಲಿ ಅಂತರ 68,000 ಚಿಲ್ಲರೆ. ಅಂದರೆ ಲಕ್ಷಾಂತರ ಜನ ಬುಷ್ ಹೆಸರಿಗೆ ಗುರುತು ಹಾಕಿ, ಕೆಳಗೆ ಬಂದು ಶಾರ್ಪ್‌ಗೂ ಹಾಕಿದ್ದಾರೆ. ನಮಗಿದು ಅರ್ಥವಾಗದ ವಿಷಯ ಅಲ್ಲ. 1984ರ ಡಿಸೆಂಬರಿನಲ್ಲಿ ಲೋಕಸಭೆಗೆ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟ ಕರ್ನಾಟಕವೇ 1985ರ ಮಾರ್ಚಿನಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟಿತು. ನಮಗೆ ಮೂರು ತಿಂಗಳು ಬೇಕಾಯಿತು, ಅವರು ಒಂದೇ ಕಾಗದದ ಮೇಲೆ ಮಾಡಿದರು.

2000ದ ಡಿಸೆಂಬರ್. ಅಧ್ಯಕ್ಷ ಚುನಾವಣೆಯಲ್ಲಿ ಫ್ಲಾರಿಡಾದ ಮತ ಎಣಿಕೆಯ ಗಲಾಟೆ ಸುಪ್ರೀಂ ಕೋರ್ಟಿನಲ್ಲಿ ಮುಗಿದು ಬುಷ್ ಗೆದ್ದರು. ಬುಷ್ ಗವರ್ನರ್ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಪೆರ್ರಿ ಗವರ್ನರ್. 2015ರ ಜನವರಿಯವರೆಗೆ ಆ ಕುರ್ಚಿ ಬಿಡಲಿಲ್ಲ. 14 ವರ್ಷ! ಟೆಕ್ಸಾಸಿನ ಇತಿಹಾಸದಲ್ಲಿ ಅಷ್ಟು ದೀರ್ಘ ಕಾಲ ಯಾರೂ ಗವರ್ನರ್ ಆಗಿರಲಿಲ್ಲ. 2006ರಲ್ಲಂತೂ ನಾಲ್ವರು ಪ್ರಮುಖರ ಪೈಪೋಟಿಯಲ್ಲಿ 39 ಪರ್ಸೆಂಟ್ ವೋಟು ತೆಗೆದುಕೊಂಡೇ ಗೆದ್ದರು. ಕುರ್ಚಿಯಲ್ಲಿ ಕೂತು ಚುನಾವಣೆಗೆ ನಿಲ್ಲುವುದಕ್ಕೂ ಹೊರಗಿನಿಂದ ಬಂದು ನಿಲ್ಲುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಬಿಡಿಸಿ ಹೇಳಬೇಕಿಲ್ಲ. 1994ರ ನಂತರ ಟೆಕ್ಸಾಸಿನಲ್ಲಿ ಇಡೀ ರಾಜ್ಯದ ಯಾವ ಹುದ್ದೆಯನ್ನೂ ಡೆಮಾಕ್ರಟರು ಗೆದ್ದಿಲ್ಲ. ಗೆಲುವಿನ ತೀರಾ ಹತ್ತಿರಕ್ಕೆ ಬಂದ ಕೆಲವೇ ಸ್ಪರ್ಧೆಗಳಲ್ಲಿ ಶಾರ್ಪ್ ಅವರದು ಒಂದು. ಅವರು ಗೆದ್ದಿದ್ದರೆ ಏನಾಗುತ್ತಿತ್ತು ಅಂತ ಹೇಳುವುದು ಜ್ಯೋತಿಷ್ಯ, ನನಗೆ ಬರುವುದಿಲ್ಲ. ಇಷ್ಟು ಹೇಳಬಹುದು: ಆ 68,000 ಜನ ಹಾಕಿದ್ದು ತಮಗೆ ಗೊತ್ತಿದ್ದಕ್ಕಿಂತ ದೊಡ್ಡ ವೋಟು. ಗೆಳೆಯರ ಮುನಿಸು ಮಾತ್ರ ಆಮೇಲೆ ಕರಗಿತು. ಪೆರ್ರಿ ಗವರ್ನರ್ ಆಗಿದ್ದಾಗಲೇ, 2011ರಲ್ಲಿ, ಶಾರ್ಪ್ ಅದೇ ಎ ಅಂಡ್ ಎಂ ವಿಶ್ವವಿದ್ಯಾಲಯ ವ್ಯವಸ್ಥೆಯ ಚಾನ್ಸಲರ್ ಆದರು.

ಇಲ್ಲಿ ಒಬ್ಬರು ಕೇಳಿದರು: "ಅಷ್ಟು ಪವರ್ ಇರೋ ಹುದ್ದೆಗೆ ಸಂಬಳ ಎಷ್ಟು ಸಾರ್?"

7,200 ಡಾಲರ್. ತಿಂಗಳಿಗಲ್ಲ, ವರ್ಷಕ್ಕೆ. ಸೆನೆಟ್ ಸದಸ್ಯರಿಗೂ ಅಷ್ಟೇ. ಅಧಿವೇಶನದ ದಿನಗಳಲ್ಲಿ ಭತ್ಯೆ ಬೇರೆ. ಕ್ಯಾಪಿಟಲ್ ಕಟ್ಟಡದಲ್ಲಿ, ಅಂದರೆ ಅಲ್ಲಿನ ವಿಧಾನಸೌಧದಲ್ಲಿ, ಸೆನೆಟ್ ಸಭಾಂಗಣದ ಹಿಂದೆ ಉಳಿದುಕೊಳ್ಳೋಕೆ ಒಂದು ಅಪಾರ್ಟ್‌ಮೆಂಟ್. ಇದನ್ನು ಸರಳತೆ ಅಂತ ಹೊಗಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ವರ್ಷಕ್ಕೆ 7,200 ಡಾಲರಿನಲ್ಲಿ ರಾಜಧಾನಿ ಆಸ್ಟಿನ್ ಊರಲ್ಲಿ ಯಾರೂ ಬದುಕಲಾರರು. ಬೇರೆ ಆದಾಯ ಇದ್ದವರು ಮಾತ್ರ ಬರಲಿ ಅಂತ ಬಾಗಿಲಲ್ಲೇ ಬೋರ್ಡ್ ಹಾಕಿದ ಹಾಗಾಯಿತು.

2015ರಿಂದ ಈ ಕುರ್ಚಿಯಲ್ಲಿ ಡ್ಯಾನ್ ಪ್ಯಾಟ್ರಿಕ್ ಇದ್ದಾರೆ. ಮೊದಲು ರೇಡಿಯೊ ಟಾಕ್ ಶೋ ನಡೆಸುತ್ತಿದ್ದವರು. ಒಂದು ಮಸೂದೆ ಚರ್ಚೆಗೆ ಬರಬೇಕಾದರೆ ಮೂರರಲ್ಲಿ ಎರಡು ಪಾಲು ಸದಸ್ಯರು, ಅಂದರೆ 31ರಲ್ಲಿ 21 ಜನ ಒಪ್ಪಬೇಕು ಅನ್ನುವ ಹಳೇ ಸಂಪ್ರದಾಯ ಅಲ್ಲಿತ್ತು. ಅಲ್ಪಸಂಖ್ಯೆಯ ಪಕ್ಷಕ್ಕೆ ಅದೇ ಕಾವಲು. ಪ್ಯಾಟ್ರಿಕ್ ಬಂದ ವರ್ಷವೇ ಅದು 19ಕ್ಕೆ ಇಳಿಯಿತು. ಆಗ ಅವರ ಪಕ್ಷದವರು 20 ಜನ ಇದ್ದರು. 2020ರ ಚುನಾವಣೆ ಮುಗಿದಾಗ ಅವರ ಸಂಖ್ಯೆ 18ಕ್ಕೆ ಬಂತು. 2021ರ ಜನವರಿಯಲ್ಲಿ ನಿಯಮವೂ 18ಕ್ಕೆ ಬಂತು. ಲೆಕ್ಕ ಸರಿಯಾಯಿತು ಅಲ್ವಾ? ಇಷ್ಟು ಮಾಡಬಲ್ಲ ಹುದ್ದೆಗೆ ಜನ ಬೇರೆಯಾಗಿ ವೋಟು ಹಾಕಲೇಬೇಕು. ಗವರ್ನರ್ ಜೊತೆ ಉಚಿತವಾಗಿ ಬರಬಾರದು.

ಕ್ಯಾಲಿಫೋರ್ನಿಯಾ ಇದಕ್ಕೆ ವಿರುದ್ಧ. ಅಲ್ಲೂ ಬೇರೆ ಬೇರೆ ಚುನಾವಣೆ. ಆದರೆ ಹುದ್ದೆಗೆ ಟೆಕ್ಸಾಸಿನಷ್ಟು ಕೆಲಸ ಇಲ್ಲ. 1978ರಲ್ಲಿ ಜನ ಡೆಮಾಕ್ರಟ್ ಜೆರ್ರಿ ಬ್ರೌನ್ ಅವರನ್ನು ಮತ್ತೆ ಗವರ್ನರ್ ಮಾಡಿದರು. ಅದೇ ದಿನ ರಿಪಬ್ಲಿಕನ್ ಮೈಕ್ ಕರ್ಬ್ ಅವರನ್ನು ಲೆಫ್ಟಿನೆಂಟ್ ಗವರ್ನರ್ ಮಾಡಿದರು. ಕರ್ಬ್ ಸಂಗೀತದ ರೆಕಾರ್ಡ್ ಕಂಪನಿ ನಡೆಸುತ್ತಿದ್ದವರು, ಆಗಿನ್ನೂ 33 ವರ್ಷ. ಅಲ್ಲಿನ ನಿಯಮದ ಪ್ರಕಾರ ಗವರ್ನರ್ ರಾಜ್ಯದ ಗಡಿ ದಾಟಿದರೆ ಅಧಿಕಾರ ಲೆಫ್ಟಿನೆಂಟ್ ಗವರ್ನರ್ ಕೈಗೆ. ಗವರ್ನರ್ ಹೊರಗೆ ಹೋದರೆ ವಾರಗಟ್ಟಲೆ ಸುದ್ದಿಯೇ ಬಾರದ ಕಾಲದ ನಿಯಮ. ಬ್ರೌನ್ ಅವರಿಗೆ ಅಧ್ಯಕ್ಷ ಆಗುವ ಆಸೆ, ಊರೂರು ಸುತ್ತುತ್ತಿದ್ದರು. ಅವರು ವಿಮಾನ ಹತ್ತಿದರೆ ಇಲ್ಲಿ ಕರ್ಬ್ ಪೆನ್ನು ತೆಗೆಯುತ್ತಿದ್ದರು. ಒಮ್ಮೆ ಮೇಲ್ಮನವಿ ಕೋರ್ಟಿಗೆ ಒಬ್ಬ ನ್ಯಾಯಾಧೀಶರನ್ನೇ ನೇಮಿಸಿಬಿಟ್ಟರು. ಬ್ರೌನ್ ವಾಪಸ್ ಬಂದು ಅದನ್ನು ಹಿಂತೆಗೆದುಕೊಂಡರು. ವಿಷಯ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. 1979ರ ಡಿಸೆಂಬರಿನಲ್ಲಿ ತೀರ್ಪು ಬಂತು. ಗವರ್ನರ್ ಹೊರಗಿದ್ದಾಗ ಕರ್ಬ್‌ಗೆ ಅಧಿಕಾರ ಇದ್ದದ್ದು ನಿಜ, ಆದರೆ ನೇಮಕ ಪಕ್ಕಾ ಆಗುವ ಮೊದಲೇ ವಾಪಸ್ ಬಂದ ಬ್ರೌನ್ ಅದನ್ನು ಹಿಂಪಡೆದದ್ದೂ ಸರಿ. ಇಬ್ಬರೂ ಗೆದ್ದರು ಅನ್ನಿ, ಇಬ್ಬರೂ ಸೋತರು ಅನ್ನಿ.

ಪಕ್ಷ ಬೇರೆ ಇದ್ದರೆ ಮಾತ್ರ ಹೀಗೆ ಅಂದುಕೊಳ್ಳಬೇಡಿ. 2021ರಲ್ಲಿ ಐಡಹೊ ರಾಜ್ಯದಲ್ಲಿ ಗವರ್ನರ್ ಬ್ರಾಡ್ ಲಿಟಲ್, ಲೆಫ್ಟಿನೆಂಟ್ ಗವರ್ನರ್ ಜಾನಿಸ್ ಮೆಕ್‌ಗೀಚಿನ್ ಇಬ್ಬರೂ ರಿಪಬ್ಲಿಕನ್ನರೇ. ಲಿಟಲ್ ಒಂದು ಸಭೆಗೆ ಹೊರ ರಾಜ್ಯಕ್ಕೆ ಹೋದರು. ಮೆಕ್‌ಗೀಚಿನ್ ಮಾಸ್ಕ್ ಕಡ್ಡಾಯ ಮಾಡುವುದನ್ನೇ ನಿಷೇಧಿಸಿ ಆದೇಶ ಹೊರಡಿಸಿದರು. ಲಿಟಲ್ ಬಂದವರೇ ಮರುದಿನ ರದ್ದು ಮಾಡಿದರು. ಮುಂದಿನ ವರ್ಷ ಗವರ್ನರ್ ಟಿಕೆಟ್ಟಿಗೆ ಇಬ್ಬರೂ ಎದುರು ಬದುರು. ಗೆದ್ದದ್ದು ಲಿಟಲ್.

"ಹಾಗಾದ್ರೆ ಜೋಡಿ ಟಿಕೆಟ್ಟೇ ಒಳ್ಳೇದಲ್ವಾ?" ಅಂತ ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು. ಜೋಡಿ ಮಾಡುವುದರಲ್ಲೂ ಎಡವಟ್ಟು ಇದೆ ತಾಯಿ. ಇಲಿನಾಯ್ ಕಥೆ ಕೇಳಿ.

ಇಲಿನಾಯ್‌ನಲ್ಲಿ ಅಂತಿಮ ಚುನಾವಣೆಯಲ್ಲಿ ಜೋಡಿ. ಆದರೆ ಪಕ್ಷದೊಳಗೆ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲಿ ಇಬ್ಬರಿಗೂ ಬೇರೆ ಬೇರೆ ವೋಟು ಇತ್ತು. ಮದುವೆ ಒಂದು, ಗಂಡು ಹೆಣ್ಣನ್ನು ಗೊತ್ತು ಮಾಡಿದವರು ಬೇರೆ ಬೇರೆ! 1986ರಲ್ಲಿ ಡೆಮಾಕ್ರಟರು ಗವರ್ನರ್ ಸ್ಥಾನಕ್ಕೆ ಆಡ್ಲೈ ಸ್ಟೀವನ್ಸನ್ ಅವರನ್ನು ಆರಿಸಿದರು. ಅವರ ತಂದೆ ಎರಡು ಸಲ ಅಧ್ಯಕ್ಷ ಸ್ಥಾನಕ್ಕೆ ನಿಂತವರು. ಇವರೇ 1982ರಲ್ಲಿ ಸುಮಾರು 5,000 ವೋಟಿನಿಂದ ಗವರ್ನರ್ ಸ್ಥಾನ ಕಳೆದುಕೊಂಡಿದ್ದರು. ಈ ಸಲ ಗೆಲ್ಲುವ ನಂಬಿಕೆ. ಲೆಫ್ಟಿನೆಂಟ್ ಗವರ್ನರ್ ಸ್ಥಾನಕ್ಕೆ ಪಕ್ಷದವರು ಬಯಸಿದ್ದು ಜಾರ್ಜ್ ಸ್ಯಾಂಗ್‌ಮೈಸ್ಟರ್ ಅವರನ್ನು. ಗೆದ್ದದ್ದು ಮಾರ್ಕ್ ಫೇರ್‌ಚೈಲ್ಡ್. ಆತ ಲಿಂಡನ್ ಲರೂಶ್ ಎಂಬ ವಿಚಿತ್ರ ವಾದಗಳ ನಾಯಕನ ಅನುಯಾಯಿ. ಪಕ್ಷಕ್ಕೇ ಗೊತ್ತಿಲ್ಲದ ಮನುಷ್ಯ. ಹೇಗೆ ಗೆದ್ದ? ಹೆಸರು ಸುಲಭವಾಗಿತ್ತು ಅಂತ ಎಷ್ಟೋ ವಿಶ್ಲೇಷಕರು ಆಮೇಲೆ ಹೇಳಿದರು. ಇಬ್ಬರ ಬಗ್ಗೆಯೂ ಏನೂ ಗೊತ್ತಿಲ್ಲದ ಮತದಾರ ಸ್ಯಾಂಗ್‌ಮೈಸ್ಟರ್, ಫೇರ್‌ಚೈಲ್ಡ್ ಎರಡನ್ನೂ ಓದಿ, ಬಾಯಿಗೆ ಸುಲಭವಾಗಿ ಬಂದದ್ದಕ್ಕೆ ಗುರುತು ಹಾಕಿದ. ಸ್ಟೀವನ್ಸನ್ ಆತನ ಜೊತೆ ನಿಲ್ಲುವುದಿಲ್ಲ ಅಂದರು. ಪಕ್ಷದ ಟಿಕೆಟ್ ಬಿಟ್ಟು ಹೊಸ ಪಕ್ಷ ಕಟ್ಟಿ ನಿಂತರು, ಸೋತರು. ಎರಡನೇ ಸಾಲಿನ ವೋಟು ಮೊದಲನೇ ಸಾಲಿನವರನ್ನು ಮುಳುಗಿಸಿತು.

ಅದಾದ ಮೇಲೂ ಬುದ್ಧಿ ಬರಲಿಲ್ಲ. 2010ರಲ್ಲಿ ಅದೇ ಪಕ್ಷದ ಪ್ರೈಮರಿಯಲ್ಲಿ ಒಬ್ಬ ಗಿರವಿ ಅಂಗಡಿ ಮಾಲೀಕ ಸ್ವಂತ ದುಡ್ಡು ಸುರಿದು ಗೆದ್ದ. ಗೆದ್ದ ಮೇಲೆ ಅವನ ಮೇಲಿನ ಹಳೆಯ ಆರೋಪಗಳು ದೊಡ್ಡ ಸುದ್ದಿಯಾದವು. ಕೆಲವೇ ದಿನಗಳಲ್ಲಿ ಹಿಂದೆ ಸರಿದ. ಆಗ ಕಾನೂನು ಬದಲಾಯಿತು. 2014ರಿಂದ ಅಲ್ಲಿ ಪ್ರೈಮರಿಯಲ್ಲೂ ಜೋಡಿಯೇ.

ಇನ್ನು ನಮಗೆ ಹತ್ತಿರದ ವಿಷಯ. ವಾಷಿಂಗ್ಟನ್ ನಗರದ ಪಕ್ಕ ಪೊಟೊಮ್ಯಾಕ್ ನದಿ ಹರಿಯುತ್ತದೆ. ಒಂದು ದಡ ಮೇರಿಲ್ಯಾಂಡ್, ಇನ್ನೊಂದು ದಡ ವರ್ಜೀನಿಯಾ. ಎರಡೂ ಕಡೆ ಕನ್ನಡದವರು ಬೇಕಾದಷ್ಟಿದ್ದಾರೆ. 2022ರಲ್ಲಿ ಮೇರಿಲ್ಯಾಂಡಿನಲ್ಲಿ ಅರುಣಾ ಮಿಲ್ಲರ್ ಗೆದ್ದರು. 2025ರಲ್ಲಿ ವರ್ಜೀನಿಯಾದಲ್ಲಿ ಗಜಾಲಾ ಹಾಶ್ಮಿ ಗೆದ್ದರು. ಇಬ್ಬರೂ ಡೆಮಾಕ್ರಟರು. ಇಬ್ಬರೂ ಹುಟ್ಟಿದ್ದು ಹೈದರಾಬಾದಿನಲ್ಲಿ, 1964ರಲ್ಲಿ. ಇಬ್ಬರೂ ಚಿಕ್ಕ ಮಕ್ಕಳಾಗಿದ್ದಾಗ ಅಮೆರಿಕಕ್ಕೆ ಹೋದವರು. ಇಬ್ಬರ ಹುದ್ದೆಯ ಹೆಸರೂ ಒಂದೇ. ಆದರೆ ಕೆಲಸ ಬೇರೆ, ಬಂದ ದಾರಿ ಬೇರೆ.

ಅರುಣಾ ಮಿಲ್ಲರ್ ಸಿವಿಲ್ ಎಂಜಿನಿಯರ್. ಮಾಂಟ್ಗೊಮರಿ ಕೌಂಟಿಯ ಸಾರಿಗೆ ಇಲಾಖೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು, ಆಮೇಲೆ ಶಾಸಕಿ. ಅವರನ್ನು ಜೊತೆಗೆ ತೆಗೆದುಕೊಂಡವರು ಗವರ್ನರ್ ಸ್ಥಾನಕ್ಕೆ ನಿಂತ ವೆಸ್ ಮೂರ್. ಮೇರಿಲ್ಯಾಂಡಿನಲ್ಲಿ ಪ್ರೈಮರಿಯಿಂದಲೇ ಜೋಡಿ. ಮಿಲ್ಲರ್ ಹೆಸರಿಗೆ ಅಂತ ಯಾರೂ ಬೇರೆಯಾಗಿ ವೋಟು ಹಾಕಿಲ್ಲ. ಅಲ್ಲಿ ಸೆನೆಟ್ ನಡೆಸುವ ಕೆಲಸವೂ ಇವರದಲ್ಲ. ಗವರ್ನರ್ ಏನು ಕೊಡುತ್ತಾರೋ ಅದೇ ಕೆಲಸ. ಗವರ್ನರ್ ಜೊತೆ ಸಂಬಂಧ ಚೆನ್ನಾಗಿದ್ದರೆ ಕೈತುಂಬಾ ಕೆಲಸ, ಇಲ್ಲದಿದ್ದರೆ ರಿಬ್ಬನ್ ಕತ್ತರಿಸುವುದು. ಇಂಥ ಹುದ್ದೆಗೆ ಜೋಡಿ ಟಿಕೆಟ್ ಸರಿ.

ವರ್ಜೀನಿಯಾದಲ್ಲಿ ಹಾಗಲ್ಲ. ಗವರ್ನರ್, ಲೆಫ್ಟಿನೆಂಟ್ ಗವರ್ನರ್, ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್, ಮೂವರಿಗೂ ಬೇರೆ ಬೇರೆ ವೋಟು. ಲೆಫ್ಟಿನೆಂಟ್ ಗವರ್ನರ್ ಹುದ್ದೆ ಪಾರ್ಟ್ ಟೈಮ್, ಸಂಬಳ ಸುಮಾರು 36,000 ಡಾಲರ್. 40 ಸದಸ್ಯರ ಸೆನೆಟ್ ಸಭಾಪತಿ. ಸಮಬಲ ಬಂದಾಗ ವೋಟು. 2025ರ ಚುನಾವಣೆ ಹೊತ್ತಿಗೆ ಆ ಸೆನೆಟ್‌ನಲ್ಲಿ ಡೆಮಾಕ್ರಟರು 21, ರಿಪಬ್ಲಿಕನ್ನರು 19. ಒಬ್ಬ ಸದಸ್ಯ ಆ ಕಡೆ ವಾಲಿದರೆ ಸಾಕು, ಇಡೀ ರಾಜ್ಯದ ಕಣ್ಣು ಸಭಾಪತಿಯ ಮೇಲೆ.

ಇನ್ನೊಂದು ವಿಶೇಷ ಇದೆ. ವರ್ಜೀನಿಯಾದ ಗವರ್ನರ್ ಸತತ ಎರಡನೇ ಅವಧಿಗೆ ನಿಲ್ಲುವಂತಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಕುರ್ಚಿ ಖಾಲಿ ಆಗಲೇಬೇಕು. ಹಾಗಾಗಿ ಲೆಫ್ಟಿನೆಂಟ್ ಗವರ್ನರ್ ಹುದ್ದೆ ಮುಂದಿನ ಗವರ್ನರಿಗೆ ತಾಲೀಮು ಮನೆ. ಡಗ್ಲಸ್ ವೈಲ್ಡರ್ 1985ರಲ್ಲಿ ಈ ಹುದ್ದೆ ಗೆದ್ದು, 1989ರಲ್ಲಿ ಗವರ್ನರ್ ಆಗಿ ಆರಿಸಿ ಬಂದರು. ಅಮೆರಿಕದಲ್ಲಿ ಜನರಿಂದ ಆರಿಸಿ ಬಂದ ಮೊದಲ ಕಪ್ಪು ಗವರ್ನರ್ ಅವರು. ಟಿಮ್ ಕೇನ್, ರಾಲ್ಫ್ ನಾರ್ತಮ್ ಕೂಡ ಇದೇ ಮೆಟ್ಟಿಲು ಹತ್ತಿದವರು. 2021ರಲ್ಲಿ ಈ ಹುದ್ದೆ ಗೆದ್ದ ವಿನ್ಸಮ್ ಸೀಯರ್ಸ್, ಜಮೈಕಾದಲ್ಲಿ ಹುಟ್ಟಿ ಅಮೆರಿಕದ ಮರೀನ್ ಪಡೆಯಲ್ಲಿ ದುಡಿದವರು, ಮೆಟ್ಟಿಲು ಹತ್ತಲು ನೋಡಿದರು. 2025ರಲ್ಲಿ ಅಬಿಗೇಲ್ ಸ್ಪಾನ್‌ಬರ್ಗರ್ ಎದುರು ಸುಮಾರು 15 ಪರ್ಸೆಂಟ್ ಅಂತರದಲ್ಲಿ ಸೋತರು.

ಗಜಾಲಾ ಹಾಶ್ಮಿ ಇಂಗ್ಲಿಷ್ ಮೇಡಂ. ಎಮರಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿ, ಸುಮಾರು 30 ವರ್ಷ ರಿಚ್ಮಂಡ್ ಕಡೆ ಕಾಲೇಜುಗಳಲ್ಲಿ ಇದ್ದವರು. ಅವರು ಹೆಚ್ಚು ಕಾಲ ಇದ್ದ ಕಮ್ಯುನಿಟಿ ಕಾಲೇಜಿನ ಹೆಸರು ರೆನಾಲ್ಡ್ಸ್ ಕಾಲೇಜು. ಅದು ಜೆ. ಸಾರ್ಜೆಂಟ್ ರೆನಾಲ್ಡ್ಸ್ ಅವರ ಹೆಸರು. ಅವರು ಯಾರು ಗೊತ್ತಾ? 1970ರಲ್ಲಿ ವರ್ಜೀನಿಯಾದ ಲೆಫ್ಟಿನೆಂಟ್ ಗವರ್ನರ್ ಆಗಿ, ಮರುವರ್ಷ 34ನೇ ವಯಸ್ಸಿನಲ್ಲೇ ತೀರಿಕೊಂಡವರು. ಕಾಕತಾಳೀಯ ಅಷ್ಟೇ, ಆದರೂ ಹೇಳದೆ ಇರೋಕಾಗಲಿಲ್ಲ.

2019ರಲ್ಲಿ ಹಾಶ್ಮಿ ಹಾಲಿ ರಿಪಬ್ಲಿಕನ್ ಸದಸ್ಯರನ್ನು ಸೋಲಿಸಿ ರಾಜ್ಯ ಸೆನೆಟ್ ಸೇರಿದರು. 2025ರ ಜೂನ್ ಪ್ರೈಮರಿಯಲ್ಲಿ ಲೆಫ್ಟಿನೆಂಟ್ ಗವರ್ನರ್ ಟಿಕೆಟ್ಟಿಗೆ ಆರು ಜನ. ರಿಚ್ಮಂಡಿನ ಮಾಜಿ ಮೇಯರ್ ಲೆವಾರ್ ಸ್ಟೋನಿ ಕೂಡ ಇದ್ದರು. ಮೊದಲ ಮೂವರ ನಡುವೆ ಒಂದೆರಡು ಪರ್ಸೆಂಟ್ ವ್ಯತ್ಯಾಸ. ಹಾಶ್ಮಿ 28 ಪರ್ಸೆಂಟಿಗಿಂತ ಕಡಿಮೆ ವೋಟಿನಲ್ಲಿ ಗೆದ್ದರು. ಅಲ್ಲಿ ಎರಡನೇ ಸುತ್ತು ಇಲ್ಲ. ಪಕ್ಷದ ಸುಮಾರು ನಾಲ್ಕರಲ್ಲಿ ಮೂರು ಪಾಲು ಮತದಾರರ ಮೊದಲ ಆಯ್ಕೆ ಬೇರೆಯವರಾಗಿದ್ದರು ಅಂತಾಯಿತು. ಬೇರೆ ಚುನಾವಣೆ ಬೇಕು ಅನ್ನುವ ನನ್ನಂಥವರು ಇದಕ್ಕೂ ಉತ್ತರ ಕೊಡಬೇಕು.

ಎದುರಾಳಿ ಜಾನ್ ರೀಡ್, ರೇಡಿಯೊ ನಿರೂಪಕ. ತಾನು ಸಲಿಂಗಿ ಎಂದು ಮುಕ್ತವಾಗಿ ಹೇಳಿಕೊಂಡವರು. ವರ್ಜೀನಿಯಾದ ರಿಪಬ್ಲಿಕನ್ ಪಕ್ಷದಿಂದ ಅಂಥವರೊಬ್ಬರು ಇಡೀ ರಾಜ್ಯದ ಹುದ್ದೆಗೆ ನಿಂತದ್ದು ಅದೇ ಮೊದಲು. ಏಪ್ರಿಲಿನಲ್ಲಿ ಆನ್‌ಲೈನ್ ಫೋಟೊಗಳ ವಿವಾದ ಎದ್ದಾಗ ಅವರದೇ ಪಕ್ಷದ ಗವರ್ನರ್ ಗ್ಲೆನ್ ಯಂಗ್‌ಕಿನ್ 'ಹಿಂದೆ ಸರಿಯಿರಿ' ಅಂದರು. ರೀಡ್ ಸರಿಯಲಿಲ್ಲ. ಜೋಡಿ ಟಿಕೆಟ್ ಆಗಿದ್ದರೆ ಅವರು ಉಳಿಯುತ್ತಿದ್ದರೇ? ನನಗೆ ಅನುಮಾನ. ಆಮೇಲೆ ಹಾಶ್ಮಿ ಚರ್ಚೆಗೆ ಬರಲಿಲ್ಲ ಅಂತ ರೀಡ್ ಅಕ್ಟೋಬರಿನಲ್ಲಿ ಎಐನಿಂದ ಹಾಶ್ಮಿಯವರ ನಕಲು ಮಾಡಿಸಿ, ಅದರ ಜೊತೆ ಚರ್ಚೆ ನಡೆಸಿದರು! ಪ್ರಶ್ನೆಯೂ ನಮ್ಮದೇ, ಉತ್ತರವೂ ನಮ್ಮದೇ. ನಮ್ಮ ರಾಜಕಾರಣಿಗಳಿಗೆ ಈ ಐಡಿಯಾ ಗೊತ್ತಾಗದಿರಲಿ.

ನವೆಂಬರ್ 4ರಂದು ಹಾಶ್ಮಿ ಗೆದ್ದರು. ಅಮೆರಿಕದಲ್ಲಿ ಇಡೀ ರಾಜ್ಯದ ಹುದ್ದೆಗೆ ಆರಿಸಿ ಬಂದ ಮೊದಲ ಮುಸ್ಲಿಂ ಮಹಿಳೆ. ಅವರ ಅಂತರ ಸ್ಪಾನ್‌ಬರ್ಗರ್ ಅವರಿಗಿಂತ ಕಡಿಮೆ. ಅಟಾರ್ನಿ ಜನರಲ್ ಸ್ಥಾನ ಗೆದ್ದ ಜೇ ಜೋನ್ಸ್ ಅವರ ಅಂತರ ಇನ್ನೂ ಕಡಿಮೆ. ಅಂದರೆ ಜನ ಮೂರು ಸಾಲನ್ನೂ ಬೇರೆ ಬೇರೆಯಾಗಿ ಓದಿದ್ದಾರೆ. ಎಲ್ಲರೂ ಅಲ್ಲ, ಆದರೆ ಲೆಕ್ಕಕ್ಕೆ ಸಿಗುವಷ್ಟು ಜನ.

ವರ್ಜೀನಿಯಾದಲ್ಲಿ ಸ್ಟೆಪ್ನಿ ಬೇಕಾಗಿಬಂದ ಒಂದು ವಾರವೂ ಇದೆ. 2019ರ ಫೆಬ್ರವರಿ. ಗವರ್ನರ್ ನಾರ್ತಮ್ ಅವರ ವೈದ್ಯಕೀಯ ಕಾಲೇಜಿನ 1984ರ ವಾರ್ಷಿಕ ಪುಸ್ತಕದಲ್ಲಿ, ಅವರ ಪುಟದಲ್ಲೇ, ಮುಖಕ್ಕೆ ಕಪ್ಪು ಬಳಿದುಕೊಂಡವನ ಒಂದು ಜನಾಂಗೀಯ ಅವಹೇಳನದ ಫೋಟೊ ಸಿಕ್ಕಿತು. ರಾಜೀನಾಮೆಗೆ ಒತ್ತಡ. ಅವರ ಜಾಗಕ್ಕೆ ಬರಬೇಕಾದ ಲೆಫ್ಟಿನೆಂಟ್ ಗವರ್ನರ್ ಮೇಲೂ ಅದೇ ವಾರ ಗಂಭೀರ ಆರೋಪ ಬಂತು, ಅವರು ನಿರಾಕರಿಸಿದರು. ಮೂರನೆಯವರು ಅಟಾರ್ನಿ ಜನರಲ್. ಅವರು ತಾವಾಗಿ ಬಂದು, ವಿದ್ಯಾರ್ಥಿಯಾಗಿದ್ದಾಗ ನಾನೂ ಮುಖಕ್ಕೆ ಬಣ್ಣ ಬಳಿದುಕೊಂಡಿದ್ದೆ ಅಂದರು. ನಾಲ್ಕನೆಯವರು ಕೆಳಮನೆಯ ಸ್ಪೀಕರ್, ಎದುರು ಪಕ್ಷದ ರಿಪಬ್ಲಿಕನ್. ಆ ಸ್ಪೀಕರ್ ಪಕ್ಷಕ್ಕೆ ಬಹುಮತ ಹೇಗೆ ಬಂದಿತ್ತು? 100ರಲ್ಲಿ 51. ಅದರಲ್ಲಿ ಒಂದು ಸ್ಥಾನದಲ್ಲಿ ಇಬ್ಬರಿಗೂ 11,608 ವೋಟು ಬಿದ್ದು, 2018ರ ಜನವರಿಯಲ್ಲಿ ಬಟ್ಟಲಿನಿಂದ ಚೀಟಿ ಎತ್ತಿ ಗೆದ್ದವರನ್ನು ತೀರ್ಮಾನಿಸಿದ್ದರು. ನಮ್ಮ ಪಕ್ಕದ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಧ್ರುವನಾರಾಯಣ್ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಒಂದೇ ವೋಟಿನಿಂದ ಸೋಲಿಸಿದ್ದು ನಿಮಗೆಲ್ಲ ನೆನಪಿದೆ. ವರ್ಜೀನಿಯಾದಲ್ಲಿ ಆ ಒಂದೂ ಇರಲಿಲ್ಲ. ಕೊನೆಗೆ ನಾರ್ತಮ್ ರಾಜೀನಾಮೆ ಕೊಡಲೇ ಇಲ್ಲ, ಅವಧಿ ಮುಗಿಸಿದರು. ಅವರನ್ನು ಉಳಿಸಿದ್ದು ಅವರ ಹಿಂದೆ ನಿಂತಿದ್ದ ಸಾಲು ಅಂತ ನಾನು ನಂಬಿದ್ದೇನೆ.

ಕೊನೆಯ ಪ್ರಶ್ನೆ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಅವರದು. "ಈ ಹುದ್ದೆಯೇ ಇಲ್ಲದ ಐದು ರಾಜ್ಯ ಅಂದ್ರಲ್ಲ, ಅಲ್ಲಿ ಗವರ್ನರ್ ಹೋದರೆ ಯಾರು?"

ಮೇನ್, ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಸೆನೆಟ್ ಅಧ್ಯಕ್ಷರು. ಆರೆಗಾನ್, ವಯೋಮಿಂಗ್‌ನಲ್ಲಿ ಸೆಕ್ರೆಟರಿ ಆಫ್ ಸ್ಟೇಟ್, ಅಂದರೆ ಚುನಾವಣೆ, ದಾಖಲೆ ನೋಡಿಕೊಳ್ಳುವ ಅಧಿಕಾರಿ. ಅವರೂ ಚುನಾವಣೆಯಲ್ಲಿ ಗೆದ್ದವರೇ. ಅರಿಜೋನಾದಲ್ಲೂ ಹಾಗೇ ಇತ್ತು, ಅಲ್ಲಿ ಪದೇ ಪದೇ ಬೇಕಾಯಿತು. 1988ರಲ್ಲಿ ಗವರ್ನರ್ ಮೆಕಮ್ ಅವರನ್ನು ಮಹಾಭಿಯೋಗ ಮಾಡಿ ತೆಗೆದರು. 1997ರಲ್ಲಿ ಸಿಮಿಂಗ್ಟನ್ ರಾಜೀನಾಮೆ ಕೊಟ್ಟರು. 2009ರಲ್ಲಿ ಡೆಮಾಕ್ರಟ್ ಗವರ್ನರ್ ಜಾನೆಟ್ ನೆಪೊಲಿಟಾನೊ ಒಬಾಮಾ ಸಂಪುಟಕ್ಕೆ ಹೋದರು. ಸೆಕ್ರೆಟರಿ ಆಫ್ ಸ್ಟೇಟ್ ಆಗಿದ್ದ ರಿಪಬ್ಲಿಕನ್ ಜ್ಯಾನ್ ಬ್ರೂವರ್ ಗವರ್ನರ್ ಆದರು. ಒಂದು ವೋಟೂ ಬೀಳದೆ ಸರ್ಕಾರ ಪಕ್ಷ ಬದಲಿಸಿತು. ಕೊನೆಗೆ 2022ರ ನವೆಂಬರಿನಲ್ಲಿ ಅರಿಜೋನಾದ ಜನ ವೋಟು ಹಾಕಿ, ನಮಗೂ ಲೆಫ್ಟಿನೆಂಟ್ ಗವರ್ನರ್ ಬೇಕು ಅಂದರು. ಮೊದಲ ಚುನಾವಣೆ 2026ರಲ್ಲಿ. ಅಲ್ಲಿ ಆರಿಸಿಕೊಂಡಿದ್ದು ಜೋಡಿ ಟಿಕೆಟ್. ಗವರ್ನರ್ ಅಭ್ಯರ್ಥಿ ಪ್ರೈಮರಿ ಗೆದ್ದ ಮೇಲೂ ತನ್ನ ಜೊತೆಗಾರರ ಹೆಸರು ಹೇಳಬಹುದು. ಆದರೆ ಚುನಾವಣೆಗೆ 60 ದಿನ ಮೊದಲು ಹೇಳಿಬಿಡಬೇಕು.